ಇಪ್ಪತ್ತೇಳನೇ ನಂಬರಿನ ಕರೆ

ಜೂನ್ 14, 1984

ಪುಟ್ಟಿಗೆ ಅಕ್ಕನ ನೆನಪುಗಳು.

ಬಂದು ಸೇರಿದೆ. ಹತ್ತೊಂಬತ್ತು ಗಂಟೆ ರೈಲಿನಲ್ಲಿ ಕೂತು ಸೊಂಟ ಹಿಡಿದುಕೊಂಡಿರುವುದು ಬಿಟ್ಟರೆ ಆರಾಮವಾಗಿದ್ದೇನೆ. ಡಿಪೋ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ನಮ್ಮ ಮಿಲ್ಲಿನ ಕಾಗದದ ಉರುಳೆಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದಾರೆ. ಕಿಟಕಿಯ ಪಕ್ಕ ನನಗೊಂದು ಮೇಜು, ಅದರ ಮೇಲೆ ಹಸಿರು ಫೋನು. ಇಲ್ಲಿಗೆ ಬರುವ ಕರೆಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಪುರುಸೊತ್ತೇ ಇಲ್ಲ ಅನ್ನು.

ಹೊರಡುವ ದಿನ ನೀನು ಸ್ಟೇಷನ್ನಿಗೆ ಬರಲಿಲ್ಲವೆಂದು ನನಗೇನೂ ಬೇಸರವಿಲ್ಲ. ಜನರಲ್ ಮ್ಯಾನೇಜರರ ಬಾಗಿಲಲ್ಲಿ ಟೈಪ್ ಮಾಡುವವಳಿಗೆ ಹಾಡುಹಗಲೇ ಎದ್ದು ಬರಲು ಎಲ್ಲಾಗುತ್ತದೆ. ನನ್ನ ವರ್ಗದ ಆರ್ಡರು ನಿನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಬಿದ್ದಿದ್ದರೆ ನನಗೆ ಮೊದಲೇ ಹೇಳುತ್ತಿದ್ದೆ.

ಇಪ್ಪತ್ತೆರಡು ವರ್ಷ ಆ ಟೆಲಿಫೋನ್ ಬೋರ್ಡಿನ ಮುಂದೆ ಕೂತೆ. ನಲವತ್ತು ತೂತು, ಕರೆ ಜೋಡಿಸಲು ಅವಕ್ಕೆ ಚುಚ್ಚುವ ನಲವತ್ತು ದಾರ. ಅದನ್ನು ಬಿಚ್ಚಿ ಎಲ್ಲಿಟ್ಟರು? ತಾನೇ ಕರೆ ಜೋಡಿಸುವ ಹೊಸ ಯಂತ್ರ ಹೇಗಿದೆ? ಇಪ್ಪತ್ತೇಳು ನನ್ನನ್ನು ವಿಚಾರಿಸಿದನೇ? ಬ್ಲೀಚಿಂಗ್ ವಿಭಾಗದ ಆ ಮನುಷ್ಯನ ಮುಖವನ್ನು ನಾನು ಒಂದು ದಿನವೂ ನೋಡಿಲ್ಲ. ಹದಿನಾರು ವರ್ಷ ದನಿ ಮಾತ್ರ ಗೊತ್ತು. ಅವನ ಫೋನಿನ ನಂಬರೇ ನನಗೆ ಅವನ ಹೆಸರು. "ಅಕ್ಕಾವ್ರೇ, ಇಪ್ಪತ್ತೇಳು" ಅಂತಲೇ ಮಾತು ಶುರುಮಾಡುತ್ತಿದ್ದ.

ಮಗಳಿಗೆ ಮುತ್ತು. ನಿಮ್ಮವರಿಗೆ ಕೇಳಿದೆನೆಂದು ಹೇಳು.

ಅಕ್ಕ


ಜೂನ್ 30, 1984

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಕೆಲಸದ ನಡುವೆ ಟೈಪ್ ಮಾಡುತ್ತಿದ್ದೇನೆ, ತಪ್ಪು ತಿಳಿಯಬೇಡ.

ಹೊಸ ಯಂತ್ರ ಚೆನ್ನಾಗಿ ನಡೆಯುತ್ತಿದೆ. ಎಲ್ಲ ವಿಭಾಗಕ್ಕೂ ನಂಬರಿನ ಪುಸ್ತಕ ಅಚ್ಚು ಹಾಕಿಸಿ ಕೊಟ್ಟಿದ್ದಾರೆ. ಹುದ್ದೆ ನೋಡಿ ನಂಬರು ತಿರುಗಿಸಿದರೆ ಸಾಕು, ನಡುವೆ ಯಾರೂ ಬೇಡ. ಹಳೆಯ ಬೋರ್ಡು ತಾವು ಕೆಲಸ ಮಾಡುವ ಉಗ್ರಾಣದಲ್ಲೇ ಇದೆ ಎಂದು ನಮ್ಮನೆಯವರು ಹೇಳಿದರು.

ಈ ಹೊಸ ಜನರಲ್ ಮ್ಯಾನೇಜರ್ ಸಾಹೇಬರು ತುಂಬಾ ಸಭ್ಯರು. ಕಸ ಗುಡಿಸುವವಳಿಗೂ ಬಹುವಚನ. ಹಿಂದಿನ ದೊಡ್ಡವರಂತೆ ಕಿರುಚುವುದಿಲ್ಲ. ಸೋಮವಾರ ಸೋಮವಾರ ಎಲ್ಲ ಮುಖ್ಯಸ್ಥರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ತೊಂದರೆ ಹೇಳಲು ಬರುವವರು ಅದಕ್ಕೊಂದು ದಾರಿಯನ್ನೂ ಜೊತೆಗೆ ತರಬೇಕು ಅನ್ನುವುದು ಅವರ ನಿಯಮ. ಮೊದಮೊದಲು ಸಭೆ ಎರಡು ಗಂಟೆ ಹಿಡಿಯುತ್ತಿತ್ತು, ಈಗ ಅರ್ಧ ಗಂಟೆಗೆ ಮುಗಿಯುತ್ತದೆ.

ಇಪ್ಪತ್ತೇಳರ ವಿಷಯ ನನಗೆ ತಿಳಿಯದು. ನಮ್ಮ ಆಫೀಸಿಗೆ ಅಂಥವರ ಕರೆ ಬರುವುದಿಲ್ಲ.

ಇಂತಿ,
ಪುಟ್ಟಿ


ಆಗಸ್ಟ್ 5, 1984

ಪುಟ್ಟಿ,

ನಿನ್ನ ಕಾಗದ ಓದಿದರೆ ತಂಗಿ ಬರೆದಂತಿಲ್ಲ, ನೋಟಿಸು ಬಂದ ಹಾಗಿದೆ. ಮುಂದಿನ ಸಲ ಕೈಯಲ್ಲಿ ಬರೆ.

ಒಂದು ವಿಷಯ ನಿನ್ನ ಸಾಹೇಬರ ಕಿವಿಗೆ ಹಾಕು. ಫಿಟ್ಟರ್ ಮೇಸ್ತ್ರಿ ತನ್ನ ಕೋಣೆಯಲ್ಲಿ ಕೂತದ್ದನ್ನು ಕಂಡವರಿಲ್ಲ. ಬೆಳಿಗ್ಗೆ ಬಾಯ್ಲರಿನ ಹಿಂದೆ, ಮಧ್ಯಾಹ್ನ ಲಾರಿ ತೂಗುವ ಕಟ್ಟೆಯಲ್ಲಿ, ಮೂರರ ಮೇಲೆ ಮರದ ಅಂಗಳದಲ್ಲಿ. ನಾನು ಆಯಾ ಹೊತ್ತಿಗೆ ಆಯಾ ಕಡೆ ದಾರ ಚುಚ್ಚಿ ಅವನನ್ನು ಹಿಡಿಯುತ್ತಿದ್ದೆ. ಗ್ಯಾಸು ಸೋರಿದರೆ ಹಾಕಿಕೊಳ್ಳುವ ಮುಖವಾಡದ ಬೀರುವಿನ ಬೀಗದಕೈ ಇರುವುದು ಅವನ ಸೊಂಟದಲ್ಲಿ. ಪುಸ್ತಕದಲ್ಲಿ ಅವನ ಕೋಣೆಯ ನಂಬರು ಅಚ್ಚಾಗಿದ್ದರೆ ಅದು ಖಾಲಿ ಗೋಡೆಗೆ ಹೊಡೆದುಕೊಳ್ಳುತ್ತದೆ.

ಹಿಂದಿನ ದೊಡ್ಡವರು ಕಿರುಚುತ್ತಿದ್ದರು, ನಿಜ. ಬಾಯಿ ಬಿಟ್ಟರೆ ಕಿವಿ ಮುಚ್ಚಿಕೊಳ್ಳಬೇಕಿತ್ತು. ಒಮ್ಮೆ ಇಪ್ಪತ್ತೇಳು ಕೊಳವೆಯೊಂದು ಬೆವರುತ್ತಿದೆ ಎಂದು ಫೋನು ಮಾಡಿದ. ನಾನು ಸೀದಾ ಅವರಿಗೇ ಕೊಟ್ಟೆ. ಊಟದ ಹೊತ್ತಿನಲ್ಲಿ ಎಬ್ಬಿಸಿದಿರೆಂದು ಇಬ್ಬರನ್ನೂ ಬೈದು ನೀರಿಳಿಸಿದರು. ಬೈಯುತ್ತಾ ಬೈಯುತ್ತಲೇ ಚಪ್ಪಲಿ ಮೆಟ್ಟಿ ಬ್ಲೀಚಿಂಗ್ ಕಡೆ ನಡೆದೇಬಿಟ್ಟಿದ್ದರು. ಬೈಸಿಕೊಂಡರೂ ಹೇಳಬಹುದು ಅನ್ನುವ ಧೈರ್ಯ ಎಲ್ಲರಿಗೂ ಇತ್ತು. ಈಗ ಸಭೆ ಅರ್ಧ ಗಂಟೆಗೆ ಮುಗಿಯುತ್ತದೆ ಅಂದೆಯಲ್ಲ, ಅದನ್ನು ಓದಿ ನನಗೆ ಸಮಾಧಾನವಾಗಲಿಲ್ಲ.

ಮೇಸ್ತ್ರಿಯ ವಿಷಯ ಹೇಳಿದೆಯೋ ಇಲ್ಲವೋ ಬರೆ.

ಅಕ್ಕ


ಅಕ್ಟೋಬರ್ 20, 1984

ಅಕ್ಕನಿಗೆ,

ತಡವಾಯಿತು. ಮೇಸ್ತ್ರಿಯ ವಿಷಯ ಸಾಹೇಬರಿಗೆ ಹೇಳಿದ್ದೇನೆ. ನೋಡೋಣ ಅಂದರು.

ಇಲ್ಲಿ ಕೈತುಂಬಾ ಕೆಲಸ. ಕಳೆದ ತಿಂಗಳು ಮಿಲ್ಲು ಹಿಂದೆಂದೂ ಮಾಡದಷ್ಟು ಕಾಗದ ಮಾಡಿತು. ಬಸ್ಸಿನವರು, ಹೋಟೆಲಿನವರು, ಮನೆ ಬಾಡಿಗೆ ಕೊಡುವವರು, ಊರೆಲ್ಲ ಸಾಹೇಬರ ಹೆಸರು ಹೇಳುತ್ತದೆ. ನಡುವೆ ಎರಡು ಸಲ ಯಾರೋ ಹೆದರಿ ಸುಮ್ಮಸುಮ್ಮನೆ ಸೈರನ್ ಊದಿಸಿ, ಜನ ಹೊರಗೆ ಓಡಿ, ಯಂತ್ರ ನಿಂತು ಅರ್ಧ ದಿನ ಹಾಳಾಯಿತು. ಹಾಗಾಗಿ ನಮ್ಮ ಆಫೀಸಿನ ಒಪ್ಪಿಗೆಯಿಲ್ಲದೆ ಗೇಟಿನವರು ಸೈರನ್ ಮುಟ್ಟುವಂತಿಲ್ಲ ಎಂದು ಸುತ್ತೋಲೆ ಹೊರಡಿಸಿದ್ದಾರೆ. ಯಾರೂ ಬೇಡ ಅನ್ನಲಿಲ್ಲ.

ಅಕ್ಕ, ನೀನು ಬರೆಯುವ ಪತ್ರವೆಲ್ಲ ಇದೇ ಆಯಿತು, ಯಾರು ಎಲ್ಲಿ ಕೂರುತ್ತಾರೆ, ಯಾರು ಯಾವಾಗ ಏಳುತ್ತಾರೆ. ನೀನು ಹೋದೆ ಎಂದು ಮಿಲ್ಲು ನಿಂತಿಲ್ಲ. ಕೋಪ ಮಾಡಿಕೊಳ್ಳಬೇಡ, ಯಾರಾದರೂ ಹೇಳಬೇಕಲ್ಲ.

ಪುಟ್ಟಿ


ನವೆಂಬರ್ 2, 1984

ಪುಟ್ಟಿ,

ಸರಿ. ಇನ್ನು ಬರೆಯುವುದಿಲ್ಲ. ಮಗಳ ಓದಿನ ಕಡೆ ನಿಗಾ ಇರಲಿ.

ಅಕ್ಕ


ಫೆಬ್ರವರಿ 12, 1985

ಪುಟ್ಟಿ,

ಈಗ ತಾನೇ ರೇಡಿಯೋದಲ್ಲಿ ಕೇಳಿದೆ. ಕಾಗದದ ಮಿಲ್ಲಿನಲ್ಲಿ ಕ್ಲೋರಿನ್ ಸೋರಿ ನಾಲ್ವರು ಸತ್ತರು ಅಂದರು. ಯಾರೆಂದು ಹೇಳಲಿಲ್ಲ. ನಿಮ್ಮವರು ಹೇಗಿದ್ದಾರೆ? ಉಗ್ರಾಣ ಬ್ಲೀಚಿಂಗಿಗೆ ಎಷ್ಟು ಹತ್ತಿರ ಎಂದು ನೆನಪಿಗೇ ಬರುತ್ತಿಲ್ಲ. ಇಪ್ಪತ್ತೆರಡು ವರ್ಷ ನಾನು ಆ ಮಿಲ್ಲನ್ನು ಕಿವಿಯಲ್ಲಿ ನೋಡಿದವಳು.

ಇಲ್ಲಿಂದ ಟ್ರಂಕ್ ಕಾಲ್ ಹಾಕಿದೆ. ಸಿಗಲಿಲ್ಲ. ಎರಡೇ ಸಾಲಾದರೂ ಸರಿ, ಕೂಡಲೇ ಬರೆ.

ಅಕ್ಕ


ಫೆಬ್ರವರಿ 20, 1985

ಅಕ್ಕ,

ಇವರು ಚೆನ್ನಾಗಿದ್ದಾರೆ. ಆ ದಿನ ರಜೆಯಲ್ಲಿದ್ದರು. ಮಗಳೂ ಚೆನ್ನಾಗಿದ್ದಾಳೆ.

ಫೆಬ್ರವರಿ ಹನ್ನೊಂದರ ಮಧ್ಯಾಹ್ನ ಮೂರರ ಮೇಲೆ ಬ್ಲೀಚಿಂಗ್ ವಿಭಾಗದ ವಾಲ್ವ್ ಒಂದು ಬಿಟ್ಟುಕೊಂಡಿತು. ಪಕ್ಕದ ಹಜಾರದಲ್ಲಿ ಕಾಗದ ಎಣಿಸುವ ಹೆಂಗಸರು ನಲವತ್ತು ಜನ ಇದ್ದರು. ಹೆಚ್ಚಿನವರು ಓಡಿ ಬಂದರು. ಒಳಗಿನ ಮೂಲೆಯಲ್ಲಿದ್ದ ಮೂವರಿಗೆ ಆಗಲಿಲ್ಲ. ನಾಲ್ಕನೆಯವನು ನಿನ್ನ ಇಪ್ಪತ್ತೇಳು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ವಾಲ್ವ್ ತಿರುಗಿಸಲು ಹೋಗಿದ್ದನಂತೆ, ಅದರ ಬುಡದಲ್ಲೇ ಸಿಕ್ಕಿದ.

ತನಿಖೆ ನಡೆಯುತ್ತಿದೆ. ಅವನು ಯಾರಿಗೂ ತಿಳಿಸದೆ, ಮುಖವಾಡವಿಲ್ಲದೆ, ಒಬ್ಬನೇ ವಾಲ್ವಿಗೆ ಕೈಹಾಕಿದ ಎಂದು ಹೇಳುತ್ತಿದ್ದಾರೆ. ಗೇಟಿನವರು ತಮಗೆ ಯಾವ ಕರೆಯೂ ಬಂದಿಲ್ಲ ಅಂದಿದ್ದಾರೆ. ಹೊಸ ಯಂತ್ರ ಯಾರು ಯಾರಿಗೆ ಕರೆ ಮಾಡಿದರು ಎಂದು ಬರೆದಿಡುವುದಿಲ್ಲ.

ಊರಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿಲ್ಲ. ಮಿಲ್ಲು ಮುಚ್ಚಿಬಿಟ್ಟರೆ ಅನ್ನುವ ಭಯ. ಸತ್ತವರಲ್ಲಿ ಒಬ್ಬಳ ಸ್ವಂತ ಅಣ್ಣನೇ ಹಜಾಮತಿ ಅಂಗಡಿಯಲ್ಲಿ ಕೂತು, ಆದದ್ದು ಆಯಿತು, ಕೆದಕಬೇಡಿ ಅಂದನಂತೆ.

ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ, ಅಷ್ಟೆ.

ಪುಟ್ಟಿ


ಫೆಬ್ರವರಿ 26, 1985

ಪುಟ್ಟಿ,

ಮೂರು ದಿನ ಪೆನ್ನು ಹಿಡಿಯಲಾಗಲಿಲ್ಲ.

ನಿನ್ನ ಸಾಹೇಬರು, ಗೇಟಿನವರು, ಯಾರು ಏನೇ ಹೇಳಲಿ, ಅವನು ಕರೆ ಮಾಡದೆ ಇರುವವನಲ್ಲ. ಕೊಳವೆ ಬೆವರಿದರೆ ಕರೆ ಮಾಡುವವನು, ಬಲ್ಬು ಮಿಣುಕಿದರೆ ಕರೆ ಮಾಡುವವನು. ಹದಿನಾರು ವರ್ಷ ಪ್ರಾಣ ತಿಂದವನು. ವಾಲ್ವೇ ಬಿಟ್ಟುಕೊಂಡಾಗ ಬಾಯಿಗೆ ಬೀಗ ಹಾಕಿಕೊಂಡು ಒಳಗೆ ನುಗ್ಗಿದ ಅಂದರೆ ನಾನು ನಂಬುವುದಿಲ್ಲ. ಅವನು ಮೇಸ್ತ್ರಿಯ ಖಾಲಿ ಕೋಣೆಗೆ ಮಾಡಿರುತ್ತಾನೆ. ಆಮೇಲೆ ಗೇಟಿಗೆ. ಆಮೇಲೆ? ಗೇಟಿನವರು ಸೈರನ್ ಮುಟ್ಟುವಂತಿಲ್ಲ ಎಂದು ನೀನೇ ಬರೆದಿದ್ದೆ. ಅವರು ಅವನನ್ನು ಎಲ್ಲಿಗೆ ಕಳಿಸಿದರು?

ಸುತ್ತೋಲೆಯ ಬಗ್ಗೆ ನೀನು ಬರೆದ ಆ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಿಮ್ಮ ಆಫೀಸಿನ ಫೋನು ಎತ್ತುವವರು ಯಾರು, ಪುಟ್ಟಿ?

ಅಕ್ಕ


ಮಾರ್ಚ್ 11, 1985

ಅಕ್ಕ,

ಕೈಯಲ್ಲೇ ಬರೆಯುತ್ತಿದ್ದೇನೆ. ಇದನ್ನು ಆಫೀಸಿನ ಅಂಚೆಗೆ ಹಾಕುವುದಿಲ್ಲ.

ಕರೆ ನನಗೆ ಬಂತು.

ಆ ದಿನ ಬೇರೆ ಮೂರು ಮಿಲ್ಲುಗಳ ಮಾಲೀಕರು ನಮ್ಮ ಮಿಲ್ಲು ನೋಡಲು ಬಂದಿದ್ದರು. ಇಲ್ಲಿ ಎಲ್ಲ ಹೇಗೆ ಸದ್ದಿಲ್ಲದೆ ನಡೆಯುತ್ತದೆ ಎಂದು ಸಾಹೇಬರು ಅವರಿಗೆ ವಿವರಿಸುತ್ತಿದ್ದರು. ನಾಲ್ಕು ಗಂಟೆಯವರೆಗೆ ಬಾಗಿಲು ತಟ್ಟುವುದು ಬೇಡ ಎಂದು ನನಗೆ ಹೇಳಿದ್ದರು. ಮೂರು ಹತ್ತಕ್ಕೆ ಫೋನು ಬಂತು.

"ಅಮ್ಮಾ, ಬ್ಲೀಚಿಂಗಿಂದ ಮಾತಾಡ್ತಿದ್ದೀನಿ. ವಾಲ್ವಿನ ಹತ್ರ ಗ್ಯಾಸ್ ಬರ್ತಿದೆ. ಮೇಸ್ತ್ರಿ ಫೋನ್ ಎತ್ತುತ್ತಿಲ್ಲ. ಗೇಟಿನವರು ನಿಮ್ಮನ್ನ ಕೇಳಿ ಅಂದ್ರು. ಸೈರನ್ ಊದ್ಸಿ."

ನನಗೆ ಏನೋ ಅರ್ಥವಾಗುತ್ತದೆ ಅನ್ನುವ ಹಾಗೆ ಎಷ್ಟು ಬರುತ್ತಿದೆ ಎಂದು ಕೇಳಿದೆ.

"ಈಗ ಸ್ವಲ್ಪ. ಪಕ್ಕದಲ್ಲಿ ಹೆಣ್ಮಕ್ಕಳು ಇದ್ದಾರೆ ಅಮ್ಮಾ."

"ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಹೊರಗೆ ಬಂದ ತಕ್ಷಣ ಹೇಳ್ತೀನಿ" ಅಂದೆ.

ಆಮೇಲೆ ಕೇಳಿದ. "ಅಕ್ಕಾವ್ರು ಇಲ್ವಾ?"

ಇಲ್ಲ ಅಂದೆ. ಫೋನು ಇಟ್ಟ.

ಚೀಟಿ ಬರೆದೆ. ಬಾಗಿಲಿನ ತನಕ ಹೋದೆ, ಕೈಯನ್ನೂ ಎತ್ತಿದೆ. ಒಳಗೆ ಎಲ್ಲರೂ ಏನಕ್ಕೋ ನಕ್ಕರು. ವಾಪಸು ಬಂದು ಕೂತೆ. ಐದಾರು ನಿಮಿಷ ಬಿಟ್ಟು ಫೋನು ಮತ್ತೆ ಬಂತು. ಬರೀ ಕೆಮ್ಮು. ಮೂರು ಇಪ್ಪತ್ತೊಂದಕ್ಕೆ ಹೆಂಗಸರ ಕೂಗು ಕಿಟಕಿಯಿಂದಲೇ ಕೇಳಿಸಿತು, ಸಾಹೇಬರು ತಾವೇ ಹೊರಗೆ ಓಡಿಬಂದರು. ಸೈರನ್ ಊದಿಸಿದ್ದು ಅವರೇ. ನಾನು ಚೀಟಿ ಹರಿದು ಬುಟ್ಟಿಗೆ ಹಾಕಿದೆ. ಕರೆ ಬಂದದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹನ್ನೊಂದು ನಿಮಿಷ, ಅಕ್ಕ.

ಅವರು ನನಗೆ ಒಂದು ದಿನವೂ ಗದರಿದವರಲ್ಲ. ಬೇಡದ ಮಾತು ಬಂದರೆ ಅವರ ಮುಖ ಒಂದಿಷ್ಟು ತಣ್ಣಗಾಗುತ್ತದೆ, ಅಷ್ಟೆ. ಅವರ ಬಾಗಿಲಲ್ಲಿ ಕೂತ ಒಂದು ವರ್ಷದಲ್ಲಿ ನಾನು ಕಲಿತದ್ದು ಆ ಮುಖ ತಣ್ಣಗಾಗದ ಹಾಗೆ ನೋಡಿಕೊಳ್ಳುವುದು. ಸೋಮವಾರದ ಸಭೆಗೆ ಬರುವವರೂ ಅದನ್ನೇ ಕಲಿತರು.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಮೇಸ್ತ್ರಿಯ ವಿಷಯ ನಾನು ಸಾಹೇಬರಿಗೆ ಹೇಳಲೇ ಇಲ್ಲ. ಹೇಳಿದ್ದೇನೆ ಎಂದು ನಿನಗೆ ಸುಳ್ಳು ಬರೆದೆ. ನಿನ್ನ ವರ್ಗದ ಆರ್ಡರು ಟೈಪ್ ಮಾಡಿದವಳೂ ನಾನೇ. ನಿಮ್ಮ ಅಕ್ಕನಿಗೆ ಬೇಸರವಾಗುತ್ತದೆಯೇ ಎಂದು ಅವರು ಕೇಳಿದ್ದರು. ಇಲ್ಲ ಸರ್, ಅವಳಿಗೂ ಬದಲಾವಣೆ ಬೇಕಿತ್ತು ಅಂದೆ. ಸ್ಟೇಷನ್ನಿಗೆ ಬರಲು ಮುಖವಿರಲಿಲ್ಲ.

ಇದನ್ನು ಇವರಿಗೂ ಹೇಳಿಲ್ಲ. ನೀನು ಏನು ಬೇಕಾದರೂ ಅನ್ನು. ಸುಮ್ಮನೆ ಮಾತ್ರ ಇರಬೇಡ.

ಪುಟ್ಟಿ


ಮಾರ್ಚ್ 27, 1985

ಪುಟ್ಟಿ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೊದಲ ದಿನ ನಿನ್ನ ಮುಖ ಇನ್ನು ನೋಡುವುದಿಲ್ಲ ಎಂದು ಬರೆದೆ. ಹರಿದೆ. ಅಮ್ಮ ಹೋದ ಮೇಲೆ ನಿನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು ನಾನು, ಕೈಹಿಡಿದು ಆ ಮಿಲ್ಲಿಗೆ ಸೇರಿಸಿದವಳೂ ನಾನು ಎಂದೆಲ್ಲ ಇನ್ನೊಂದರಲ್ಲಿ ಬರೆದೆ. ಅದನ್ನೂ ಹರಿದೆ. ನಿನಗೆ ಬುದ್ಧಿ ಹೇಳುವ ಮೊದಲು ನನ್ನದೊಂದನ್ನು ಹೇಳಬೇಕು.

ನಾನು ಹೊರಡುವ ಹಿಂದಿನ ವಾರ ನಿನ್ನ ಸಾಹೇಬರು ನನ್ನ ಕೋಣೆಗೆ ಬಂದಿದ್ದರು. ಯಾರು ಯಾವ ಹೊತ್ತಿಗೆ ಎಲ್ಲಿ ಸಿಗುತ್ತಾರೆ ಅನ್ನುವುದನ್ನು ಬರೆದುಕೊಡಿ, ಪುಸ್ತಕದಲ್ಲಿ ಸೇರಿಸುತ್ತೇವೆ ಎಂದು ಮರ್ಯಾದೆಯಿಂದಲೇ ಕೇಳಿದರು. ಬರೆಯುವಂಥದ್ದೇನೂ ಇಲ್ಲ ಸರ್, ನಿಮ್ಮ ಯಂತ್ರ ಎಲ್ಲ ನೋಡಿಕೊಳ್ಳುತ್ತದೆ ಅಂದೆ. ನನ್ನನ್ನು ಬಿಟ್ಟು ಹೇಗೆ ನಡೆಸುತ್ತೀರೋ ನೋಡೋಣ ಅನ್ನುವ ಹಟ. ಒಂದು ತಿಂಗಳಲ್ಲಿ ಬೋರ್ಡು ಹೊರಗೆ ತೆಗೆದು, ಗಾಡಿ ಕಳಿಸಿ ನನ್ನನ್ನು ಕರೆಸುತ್ತಾರೆ ಅಂದುಕೊಂಡಿದ್ದೆ. ಗಾಡಿ ಬರಲಿಲ್ಲ. ಆಮೇಲೆ ಅಂಜಿಕೆಯಾಗಿ ಮೇಸ್ತ್ರಿಯ ವಿಷಯವನ್ನು ನಿನ್ನ ಮೂಲಕ ಹೇಳಿ ಕಳಿಸಿದೆ. ನೇರವಾಗಿ ಅವರಿಗೇ ಬರೆಯಲು ನನ್ನ ಬಿಗುಮಾನ ಅಡ್ಡ ಬಂತು. ನೀನು ಸುಳ್ಳಿನ ಪತ್ರ ಬರೆದಾಗ ನಾನು ಸಿಟ್ಟು ಮಾಡಿಕೊಂಡು ಸುಮ್ಮನಾದೆ.

ಇಲ್ಲಿ ಪುರುಸೊತ್ತಿಲ್ಲ ಎಂದು ಬರೆದಿದ್ದೆನಲ್ಲ, ಈ ಹಸಿರು ಫೋನು ವಾರಕ್ಕೆ ಎರಡು ಸಲ ಹೊಡೆದುಕೊಳ್ಳುತ್ತದೆ. ಉಳಿದ ಹೊತ್ತು ಉರುಳೆಗಳಿಗೆ ಚೀಟಿ ಅಂಟಿಸುತ್ತೇನೆ.

ಅವನು ಅಕ್ಕಾವ್ರು ಇಲ್ವಾ ಎಂದು ಕೇಳಿದ ಅಂತ ನೀನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು. ಬರೆದದ್ದೂ ಒಳ್ಳೆಯದೇ ಆಯಿತು.

ತನಿಖೆಯವರಿಗೆ ನಾನು ನಿನ್ನೆ ಬರೆದಿದ್ದೇನೆ. ನನ್ನ ತಪ್ಪನ್ನಷ್ಟೇ ಬರೆದಿದ್ದೇನೆ. ನಿನ್ನದು ನೀನೇ ಹೇಳಬೇಕು. ಕೆಲಸ ಹೋಗುತ್ತದೆ, ಬಹುಶಃ ಜೈಲೂ ಆಗಬಹುದು. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಸತ್ತವನ ತಲೆಗೆ ನಾಲ್ಕು ಹೆಣ ಕಟ್ಟುತ್ತಿದ್ದಾರೆ, ಅದರಲ್ಲಿ ಅವನದೂ ಒಂದು.

ಅಕ್ಕ


ಮೇ 6, 1985

ಅಕ್ಕ,

ಹೇಳಲು ಹೋದೆ.

ನಿನ್ನ ಪತ್ರ ಬಂದ ಮೇಲೂ ಒಂಬತ್ತು ದಿನ ಕಳೆದೆ. ಮೊದಲು ಇವರಿಗೆ ಹೇಳಿದೆ. ಇವರು ಸುಮಾರು ಹೊತ್ತು ಚಪ್ಪಲಿ ಹಾಕಿಕೊಳ್ಳುವುದರಲ್ಲೇ ಇದ್ದರು, ಆಮೇಲೆ ಹೊರಗೆ ಹೋದರು. ಸಂಜೆ ಬಂದು, ಮಗಳ ಮುಖ ನೋಡಿಕೊಂಡು ಏನು ಮಾಡುತ್ತೀಯೋ ಮಾಡು ಅಂದರು. ಈಗ ನಮ್ಮಿಬ್ಬರಲ್ಲಿ ಊಟಕ್ಕೆ ಬಡಿಸುವಷ್ಟು ಮಾತಿದೆ.

ತನಿಖಾಧಿಕಾರಿ ಅತಿಥಿಗೃಹದಲ್ಲಿದ್ದರು. ನಾನು ನಿನಗೆ ಬರೆದದ್ದನ್ನೆಲ್ಲ ಅವರ ಮುಂದೆ ಹೇಳಿದೆ. ಅವರು ಪೆನ್ನು ತೆರೆಯಲಿಲ್ಲ. ನೀರು ತರಿಸಿಕೊಟ್ಟರು. "ನಿಮ್ಮ ಮನಸ್ಸಿಗೆ ಪೆಟ್ಟು ಬಿದ್ದಿದೆ ಅಮ್ಮಾ. ಇಂಥ ದುರಂತ ಆದಾಗ ಎಲ್ಲರಿಗೂ ತಾನೇ ಕಾರಣ ಅನ್ಸುತ್ತೆ. ನಿಮ್ಮ ಅಕ್ಕನೂ ಹೀಗೇ ಬರೆದಿದ್ದಾರೆ" ಅಂದರು. ನಾನು ಬರೆದುಕೊಳ್ಳಿ ಅಂದೆ. ಕರೆ ಬಂದದ್ದಕ್ಕೆ ಸಾಕ್ಷಿ ಏನು ಎಂದು ಕೇಳಿದರು. ಸಾಕ್ಷಿ ಇರಲಿಲ್ಲ.

ಲಂಚ ಗಿಂಚ ಏನೂ ಇಲ್ಲ, ಅಕ್ಕ. ಅವರೂ ಸಾಹೇಬರೂ ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಬಗೆಯ ಮಾತು, ಒಂದೇ ಬಗೆಯ ಸಭ್ಯತೆ. ಒಬ್ಬರ ಅರ್ಧ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯುತ್ತದೆ. ನನ್ನ ಪೂರ್ತಿ ಮಾತು ಅವರಿಗೆ ಅರ್ಧವೂ ತಿಳಿಯಲಿಲ್ಲ.

ವರದಿ ಕಳೆದ ವಾರ ಬಂತು. ನಿಯಮ ಮೀರಿ, ಯಾರಿಗೂ ತಿಳಿಸದೆ ವಾಲ್ವಿಗೆ ಕೈಹಾಕಿದ ಕಾರ್ಮಿಕನ ತಪ್ಪು ಎಂದಿದೆ. ಅವನ ಹೆಂಡತಿಗೆ ಪರಿಹಾರವೂ ಇಲ್ಲ, ಮಿಲ್ಲಿನಲ್ಲಿ ಕೆಲಸವೂ ಇಲ್ಲ, ಮಿಲ್ಲಿನ ಮನೆಯನ್ನು ತಿಂಗಳೊಳಗೆ ಬಿಡಬೇಕು. ಆ ನೋಟಿಸನ್ನು ಟೈಪ್ ಮಾಡಲು ನನ್ನ ಮೇಜಿಗೇ ಕೊಟ್ಟರು. ಮಾಡುವುದಿಲ್ಲ ಅಂದೆ. ಸಾಹೇಬರ ಮುಖ ತಣ್ಣಗಾಯಿತು. ಬೇರೆಯವಳು ಟೈಪ್ ಮಾಡಿದಳು, ಹತ್ತು ನಿಮಿಷದ ಕೆಲಸ. ಮುಂದಿನ ತಿಂಗಳಿಂದ ಸಾಹೇಬರು ಇನ್ನೂ ಮೂರು ಮಿಲ್ಲುಗಳನ್ನು ನೋಡಿಕೊಳ್ಳುತ್ತಾರೆ. ಅಲ್ಲಿಗೂ ಇದೇ ಯಂತ್ರ, ಇದೇ ಸುತ್ತೋಲೆಗಳು ಹೋಗುತ್ತವೆ. ಮೇಸ್ತ್ರಿ ಈಗ ತನ್ನ ಕೋಣೆಯಲ್ಲೇ ಕೂರುತ್ತಾನೆ. ಫೋನಿನ ಎದುರು ಕುರ್ಚಿ ಹಾಕಿಕೊಂಡು ಇಡೀ ದಿನ ಅದನ್ನೇ ನೋಡುತ್ತಿರುತ್ತಾನಂತೆ.

ಭಾನುವಾರ ನಾನು ಇಪ್ಪತ್ತೇಳರ ಮನೆಗೆ ಹೋದೆ.

ಎರಡು ಕೋಣೆಯ ಮನೆ. ಅವನ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನಾನು ಯಾರೆಂದು ಹೇಳಿದೆ. ಕೂರಲು ಹೇಳಲಿಲ್ಲ, ನಾನೂ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಇಲ್ಲ ಕೈಗೆ ಸಿಕ್ಕದ್ದರಲ್ಲಿ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, "ಅವ್ರು ಏನಂದ್ರು? ಅವ್ರ ಮಾತಲ್ಲೇ ಹೇಳಿ" ಅಂದಳು.

ಹೇಳಿದೆ. ಕೆಮ್ಮಿನ ವಿಷಯವನ್ನೂ ಹೇಳಿದೆ.

"ಪಕ್ಕದ ಹೆಣ್ಮಕ್ಕಳ ವಿಷ್ಯ ಅವ್ರೇ ಎತ್ತಿದ್ರಾ?"

"ಅವ್ರೇ ಎತ್ತಿದ್ರು."

ಅವಳು ಕೆಳಗಿಟ್ಟ ಲೋಟವನ್ನು ಎತ್ತಿ ಚೀಲಕ್ಕೆ ಹಾಕಿದಳು. ಸತ್ತ ಮೂವರಲ್ಲಿ ಒಬ್ಬಳ ಮನೆಯವರು ಇವಳ ಮನೆಯ ಮುಂದೆ ಬಂದು ಮಣ್ಣು ತೂರಿ ಹೋಗಿದ್ದರಂತೆ. ನಿನ್ನ ಗಂಡ ನಮ್ಮ ಹುಡುಗಿಯನ್ನು ಕೊಂದ ಅಂದರಂತೆ. ಇದನ್ನು ಅವಳು ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದಳು. ಆಮೇಲೆ ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದು, ನಡುವಿನ ಹಾಳೆ ಕಿತ್ತು ನನ್ನ ಮುಂದೆ ಇಟ್ಟಳು.

"ಬರೆದು ಕೊಡಿ. ಸಹಿ ಹಾಕಿ ಕೊಡಿ."

ನೆಲದ ಮೇಲೆ ಕೂತು ಬರೆದೆ. ಕರೆ ಬಂದ ಹೊತ್ತು, ಅವನು ಹೇಳಿದ್ದು, ನಾನು ಹೇಳಿದ್ದು, ಹರಿದು ಹಾಕಿದ ಚೀಟಿ. ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದಳು. "ಹೆಸರು ತಪ್ಪಾಗಿದೆ" ಅಂದಳು.

ಹಾಜರಿಯಲ್ಲಿ, ಸಂಬಳದ ಪಟ್ಟಿಯಲ್ಲಿ, ವರದಿಯಲ್ಲಿ ಹಾಗೆಯೇ ಇದೆ. ವರ್ಷಗಟ್ಟಲೆ ನಾನು ಹಾಗೆಯೇ ಟೈಪ್ ಮಾಡಿದ್ದೇನೆ. ಅವಳು ಪೆನ್ನು ಈಸಿಕೊಂಡು ಹಾಳೆಯ ಅಂಚಿನಲ್ಲಿ ಅವನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು. ಇನ್ನೊಂದು ಹಾಳೆ ಕಿತ್ತುಕೊಟ್ಟಳು.

ಮತ್ತೆ ಮೊದಲಿನಿಂದ ಬರೆದೆ, ಅಕ್ಕ.

ಪುಟ್ಟಿ